ಶೆಡ್ಡಿಗೂ ಮನೆಗೂ ನಡುವೆ ಆರು ಮೀಟರ್: ಹಸಿರು ಬಫರ್ ನಾನು ಮಾಡುವ ಬಗೆ

ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಕೈಗಾರಿಕೆಗೆ ನೇರಳೆ ಬಣ್ಣ, ವಸತಿಗೆ ಹಳದಿ. ಎರಡರ ನಡುವೆ ಇರುವುದು ಒಂದು ಗೆರೆ ಮಾತ್ರ. ತುಮಕೂರಿನಲ್ಲಿ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಯ ಕಡೆ ಹೋದರೆ ಆ ಗೆರೆ ನೆಲದ ಮೇಲೆ ಬರೀ ಒಂದು ಕಾಂಪೌಂಡ್ ಗೋಡೆಯಾಗಿ ಕಾಣುತ್ತದೆ. ಗೋಡೆಯ ಈಚೆ ಲಾರಿ ರಿವರ್ಸ್ ತೆಗೆದುಕೊಳ್ಳುತ್ತಿರುತ್ತದೆ, ಆಚೆ ಬಟ್ಟೆ ಒಣಗುತ್ತಿರುತ್ತದೆ. ಆ ಗೆರೆಗೆ ಒಂದಿಷ್ಟು ಅಗಲ ಕೊಟ್ಟು, ಅಲ್ಲಿ ಗಿಡಮರ ನಿಲ್ಲಿಸಿದರೆ ಅದೇ ಬಫರ್.

ಅಮೆರಿಕದ ಎಷ್ಟೋ ಊರುಗಳ ವಲಯ ನಿಯಮಗಳಲ್ಲಿ ಯಾವ ಬಳಕೆಯ ಪಕ್ಕ ಯಾವ ಬಳಕೆ ಬಂದರೆ ಎಷ್ಟು ಅಗಲ, ಪ್ರತಿ 100 ಅಡಿಗೆ ಎಷ್ಟು ಮರ, ಎಷ್ಟು ಪೊದೆ ಎಂದು ಕೋಷ್ಟಕವೇ ಇರುತ್ತದೆ. ನಮ್ಮಲ್ಲಿ ಕೈಗೆ ಸಿಗುವುದು ಮುಖ್ಯವಾಗಿ ಎರಡು: ವಲಯ ನಿಯಮಾವಳಿಯ ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗೆ ಬಿಡಬೇಕಾದ ಖಾಲಿ ಜಾಗ) ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಬರುವ ಹಸಿರು ಪಟ್ಟಿಯ ಷರತ್ತು. ಮರ ಎಲ್ಲಿ, ಎಷ್ಟು ದೂರಕ್ಕೆ, ಯಾವ ಎತ್ತರಕ್ಕೆ ಎಂಬುದನ್ನು ಕೆಲಸ ಮಾಡುವವರೇ ತೀರ್ಮಾನಿಸಬೇಕು. ಕಟ್ಟಡವೆಲ್ಲ ಮುಗಿದ ಮೇಲೆ ಗಿಡದವನನ್ನು ಕರೆದರೆ ಈ ಕೆಲಸ ಆಗುವುದಿಲ್ಲ. ಬಫರ್ ಮೊದಲು ಅಳತೆಯ ಕೆಲಸ, ಆಮೇಲೆ ಮಣ್ಣಿನ ಕೆಲಸ; ಗಿಡ ಬರುವುದು ಮೂರನೆಯದಾಗಿ.

ಹಾಗಾಗಿ ಕಾಂಪೌಂಡಿನ ಪಾಯ ತೆಗೆಯುವ ಮೊದಲೇ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಗುರುತು, ಮಾಡಿಸುತ್ತೇನೆ. ಹಳೆಯ ಬೇಲಿ, ಕಲ್ಲು ನಂಬಿ ಅಳೆದರೆ ಅರ್ಧ ಮೀಟರ್ ಅತ್ತಿತ್ತ ಆಗುವುದು ಮಾಮೂಲು, ಆರು ಮೀಟರಿನ ಪಟ್ಟಿಯಲ್ಲಿ ಅದು ಒಂದು ಸಾಲು ಗಿಡದ ಜಾಗ. ಜೊತೆಗೆ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಹಳ್ಳ, ಬಿ ಖರಾಬು ಏನಾದರೂ ಗಡಿಗೆ ತಾಗಿದೆಯೇ ಎಂದು ನೋಡಬೇಕು. ಬಿ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಅದು ಸರ್ಕಾರದ್ದು. ಅದನ್ನು ಸೇರಿಸಿಕೊಂಡು ‘ನಮ್ಮ ಬಫರ್ ಒಂಬತ್ತು ಮೀಟರ್’ ಎಂದು ಡ್ರಾಯಿಂಗಿನಲ್ಲಿ ತೋರಿಸಿದರೆ ಮುಂದೊಂದು ದಿನ ಅಲ್ಲಿ ರಸ್ತೆ ಬರುತ್ತದೆ, ಮರ ಹೋಗುತ್ತದೆ.

ಒಂದೇ ಜಾಗಕ್ಕೆ ಎರಡು ಲೆಕ್ಕ

ನನ್ನ ಕೈಗೆ ಬರುವ ಡ್ರಾಯಿಂಗುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಸೆಟ್‌ಬ್ಯಾಕ್ ಆರು ಮೀಟರ್ ಇರುತ್ತದೆ. ಅದೇ ಆರು ಮೀಟರನ್ನು ಒಂದು ಹಾಳೆಯಲ್ಲಿ ಅಗ್ನಿಶಾಮಕ ವಾಹನದ ದಾರಿ ಎಂದು ತೋರಿಸಿರುತ್ತಾರೆ, ಇನ್ನೊಂದು ಹಾಳೆಯಲ್ಲಿ ಹಸಿರು ಬಣ್ಣ ಬಳಿದಿರುತ್ತಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಂಥ ದಾರಿ ಬೇಕಾದ ಕಟ್ಟಡಕ್ಕೆ ಸುತ್ತ ಆರು ಮೀಟರ್ ಗಟ್ಟಿ ನೆಲ ಬೇಕು, ಅದು 45 ಟನ್ ಭಾರ ತಡೆಯಬೇಕು, ಅಲ್ಲಿ ಅಡ್ಡಿ ಇರಬಾರದು. ಅಲ್ಲಿಗೆ ಹಸಿರಿಗೆ ಉಳಿದದ್ದು ಸೊನ್ನೆ. ಇದರ ಮೇಲೆ ಸೆಪ್ಟಿಕ್ ಟ್ಯಾಂಕ್, ಮಳೆನೀರು ಇಂಗುಗುಂಡಿ, ಟ್ರಾನ್ಸ್‌ಫಾರ್ಮರ್, ಡೀಸೆಲ್ ಜನರೇಟರ್, ಹೈಡ್ರಂಟ್ ಪೈಪು, ಕೇಬಲ್ ಎಲ್ಲವೂ ‘ಹೇಗೂ ಖಾಲಿ ಇದೆಯಲ್ಲ’ ಎಂದು ಅದೇ ಪಟ್ಟಿಗೆ ಬಂದು ಕೂರುತ್ತವೆ.

ನಾನು ಕೇಳುವುದು ಗೋಡೆಯಿಂದ ಶೆಡ್ಡಿಗೆ ಕನಿಷ್ಠ 12 ಮೀಟರ್: ಆರು ದಾರಿಗೆ, ಆರು ಗಿಡಕ್ಕೆ. ಪೈಪು, ಕೇಬಲ್ ಎಲ್ಲವೂ ದಾರಿಯ ಕೆಳಗೇ ಹೋಗಬೇಕು. ಒಂಬತ್ತೇ ಮೀಟರ್ ಸಿಕ್ಕಿತು ಅಂದರೆ ಗಿಡಕ್ಕೆ ಉಳಿಯುವ ಮೂರು ಮೀಟರಿನಲ್ಲಿ ಎರಡು ಸಾಲು ಮರ ತುರುಕುವುದಿಲ್ಲ. ಒಂದು ಸಾಲು ಮರ, ಒಂದು ಸಾಲು ಪೊದೆ, ಅಷ್ಟೇ.

ಕಿಟಕಿಯಿಂದ ಅಳೆಯಿರಿ

ಬಫರ್ ಎಷ್ಟು ಎತ್ತರ ಬೇಕು ಎಂಬುದಕ್ಕೆ ಉತ್ತರ ಪಕ್ಕದ ಮನೆಯ ಮೊದಲ ಮಹಡಿಯ ಕಿಟಕಿಯಲ್ಲಿದೆ. ನೆಲಮಹಡಿಯವರಿಗೆ ಏಳಡಿ ಗೋಡೆ ಸಾಕು. ಮೇಲಿನವರದ್ದೇ ಪ್ರಶ್ನೆ.

ಒಂದು ಲೆಕ್ಕ ನೋಡಿ. ಮೊದಲ ಮಹಡಿಯಲ್ಲಿ ನಿಂತವರ ಕಣ್ಣು ನೆಲದಿಂದ 5 ಮೀಟರ್ ಮೇಲೆ. ಕಿಟಕಿ ಗೋಡೆಯಿಂದ 6 ಮೀಟರ್ ಆಚೆ, ಲಾರಿ ನಿಲ್ಲುವ ಜಾಗ ಗೋಡೆಯಿಂದ 12 ಮೀಟರ್ ಈಚೆ. ಒಟ್ಟು ದೂರ 18 ಮೀಟರ್. ಮರದ ಸಾಲು ಗೋಡೆಯಿಂದ 1.8 ಮೀಟರ್ ಒಳಗಿದ್ದರೆ, ಕಿಟಕಿಯಿಂದ ಅದು 7.8 ಮೀಟರ್. ಅಂಗಳದ ನೆಲ ನೋಡುವ ದೃಷ್ಟಿರೇಖೆ ಆ ಸಾಲನ್ನು ದಾಟುವುದು 2.8 ಮೀಟರ್ ಎತ್ತರದಲ್ಲಿ, 3.8 ಮೀಟರ್ ಎತ್ತರದ ಲಾರಿಯ ತಲೆ ನೋಡುವ ರೇಖೆ ದಾಟುವುದು 4.5 ಮೀಟರಿನಲ್ಲಿ. ಅಂದರೆ ಎಲೆ ಬೇಕಿರುವುದು 2.8ರಿಂದ 4.5 ಮೀಟರ್ ನಡುವೆ. ಕೆಳಗಿನದು ಗೋಡೆ ನೋಡಿಕೊಳ್ಳುತ್ತದೆ, ಮೇಲಿನದು ಹೆಚ್ಚುವರಿ.

ಈಗ ನಿಜದಲ್ಲಿ ಆಗುವುದನ್ನು ನೋಡಿ. ಪೊದೆ ಎರಡು ಮೀಟರಿಗೆ ನಿಲ್ಲುತ್ತದೆ. ಮರವನ್ನು ‘ಚೆನ್ನಾಗಿ ಕಾಣಲಿ’ ಎಂದು, ಇಲ್ಲವೇ ಸಿಸಿಟಿವಿಗೆ ಅಡ್ಡ ಎಂದು, ಮೂರು ಮೀಟರಿನವರೆಗೆ ಕೊಂಬೆ ಸವರಿ ಬೋಳು ಮಾಡುತ್ತಾರೆ. ಮೇಲೆ ಕೊಡೆ, ಕೆಳಗೆ ಪೊದೆ, ನಡುವೆ ಉದ್ದಕ್ಕೂ ಕಿಂಡಿ. ಮನೆಯವರಿಗೆ ಅಂಗಳ, ಲಾರಿ ಎರಡೂ ಅಲ್ಲಿಂದಲೇ ಕಾಣುವುದು. ಆದ್ದರಿಂದ ನರ್ಸರಿಯಲ್ಲೇ ಬುಡದಿಂದ ಕೊಂಬೆ ಇರುವ ಸಸಿ ಆರಿಸುತ್ತೇನೆ. ಮೊದಲ ಮೂರು ವರ್ಷ ಗೋಡೆ ಕಡೆಯ ಕೊಂಬೆಗೆ ಕತ್ತರಿ ಹಾಕಬಾರದು ಎಂದು ನಿರ್ವಹಣೆ ಒಪ್ಪಂದದಲ್ಲೇ ಬರೆಸುತ್ತೇನೆ. ಕ್ಯಾಮೆರಾವನ್ನು ಗೋಡೆಯ ಪಕ್ಕದ ಒಂದು ಮೀಟರ್ ಕಾಲುದಾರಿಯ ಉದ್ದಕ್ಕೆ ತಿರುಗಿಸಿದರೆ ಕೊಂಬೆಯ ತಕರಾರೇ ಬರುವುದಿಲ್ಲ.

ಆರು ಮೀಟರಿನ ಹಂಚಿಕೆ

90 ಮೀಟರ್ ಉದ್ದದ ಪಟ್ಟಿ ಎಂದು ಇಟ್ಟುಕೊಳ್ಳೋಣ. ಗೋಡೆಯಿಂದ ಒಳಕ್ಕೆ ಮೊದಲ 1 ಮೀಟರ್ ಖಾಲಿ: ಗೋಡೆ ರಿಪೇರಿಗೆ, ಕಸ ತೆಗೆಯಲು, ಕಾವಲಿನವರ ಓಡಾಟಕ್ಕೆ. 1.8 ಮೀಟರಿಗೆ ಮೊದಲ ಮರದ ಸಾಲು, 3.2ಕ್ಕೆ ಎರಡನೆಯದು. 3.9ರಿಂದ 5.1ರವರೆಗೆ ಪೊದೆಯ ಕಂದಕ, ಅದರಲ್ಲಿ 60 ಸೆಂ.ಮೀ. ಅಂತರದ ಎರಡು ಸಾಲು. 5.4ರಿಂದ 6ರವರೆಗೆ ಚರಂಡಿ, ಅದರಾಚೆ ದಾರಿ.

ಚರಂಡಿ ದಾರಿಯ ಕಡೆಗೇ ಇರಬೇಕು. ಅಂಗಳದ ಡೀಸೆಲ್, ಆಯಿಲ್ ಬೆರೆತ ನೀರು ಗಿಡದ ಬುಡಕ್ಕೆ ಬರದಂತೆ ಅದು ತಡೆಯುತ್ತದೆ. ಪಟ್ಟಿಯ ಮಣ್ಣಿಗೂ ಗೋಡೆಯಿಂದ ಚರಂಡಿಯ ಕಡೆಗೆ ನೂರಕ್ಕೆ ಎರಡರಷ್ಟು ಇಳಿಜಾರು ಕೊಡಬೇಕು, 5.4 ಮೀಟರಿಗೆ ಸುಮಾರು 11 ಸೆಂ.ಮೀ. ಇದನ್ನು ಬಿಟ್ಟರೆ ಏನಾಗುತ್ತದೆ? ಕೈಗಾರಿಕಾ ನಿವೇಶನಗಳಿಗೆ ಮಣ್ಣು ತುಂಬಿ ಎತ್ತರಿಸಿರುತ್ತಾರೆ, ಪಕ್ಕದ ಮನೆ ತಗ್ಗಿನಲ್ಲಿರುತ್ತದೆ. ಗೊಬ್ಬರದ ನೀರು ಪಾಯದ ಕೆಳಗಿನಿಂದ ಜಿನುಗಿ ಅವರ ನೀರಿನ ಸಂಪ್‌ಗೆ ಸೇರುತ್ತದೆ. ಅಲ್ಲಿಂದ ಮುಂದೆ ಆ ಬೀದಿಯಲ್ಲಿ ಬಫರ್ ಅಂದರೆ ಜಗಳ ಎಂದೇ ಅರ್ಥ.

ಮರ ಐದು ಮೀಟರಿಗೊಂದು. ಎರಡನೆಯ ಸಾಲು ಮೊದಲ ಸಾಲಿನ ಎರಡು ಮರಗಳ ನಡುವೆ ಬೀಳಬೇಕು. ಮೊದಲ ಸಾಲಿಗೆ 18, ಎರಡನೆಯದಕ್ಕೆ 17, ಒಟ್ಟು 35. ಪೊದೆ 75 ಸೆಂ.ಮೀ.ಗೊಂದು, ಎರಡು ಸಾಲಿಗೆ 240. ಎರಡಕ್ಕೂ ಹತ್ತು ಪರ್ಸೆಂಟ್ ಹೆಚ್ಚು ತರಿಸಿ ಸೈಟಿನಲ್ಲೇ ಬೆಳೆಸಿಟ್ಟುಕೊಳ್ಳಬೇಕು. ಮುಂದಿನ ವರ್ಷ ಸತ್ತ ಜಾಗಕ್ಕೆ ಅದೇ ವಯಸ್ಸಿನ ಗಿಡ ಸಿಗುತ್ತದೆ.

ಮಣ್ಣು

ಗಿಡ ಸಾಯುವುದು ಬಹುತೇಕ ಇಲ್ಲೇ. ತುಂಬಿದ ಮೊರಂ ಮಣ್ಣನ್ನು ರೋಲರ್ ಹಾಯಿಸಿ ಗಟ್ಟಿ ಮಾಡಿರುತ್ತಾರೆ. ಅದರಲ್ಲಿ ತೆಗೆದ ಗುಂಡಿ ಮಣ್ಣಿನ ಗುಂಡಿಯಲ್ಲ, ಹೂದಾನಿ. ಬೇರು ಸುತ್ತುತ್ತದೆ, ಮಳೆಗಾಲದಲ್ಲಿ ನೀರು ನಿಂತು ಕೊಳೆಯುತ್ತದೆ. ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ. ತೆಗೆದ ಮೇಲೆ ಒಂದಡಿ ನೀರು ತುಂಬಿ ಮಾರನೇ ದಿನ ನೋಡುತ್ತೇನೆ. ನೀರು ಹಾಗೇ ನಿಂತಿದ್ದರೆ ತಳವನ್ನು ಬ್ರೇಕರ್‌ನಿಂದ ಒಡೆಸಬೇಕು. ತಳದಲ್ಲಿ ಜಲ್ಲಿ ಹಾಕಿದರೆ ಸಾಕು ಎನ್ನುವವರಿದ್ದಾರೆ; ನೀರಿಗೆ ಹೋಗಲು ದಾರಿಯೇ ಇಲ್ಲದಾಗ ಜಲ್ಲಿಯಲ್ಲೂ ನಿಲ್ಲುತ್ತದೆ.

ಗುಂಡಿಗಳನ್ನು ಏಪ್ರಿಲ್, ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡುತ್ತೇನೆ. ತುಂಬುವುದು ಅರ್ಧ ಕೆಂಪು ಮಣ್ಣು, ಕಾಲು ಭಾಗ ಕೆರೆ ಗೋಡು (ಹೂಳು ಮಣ್ಣು), ಕಾಲು ಭಾಗ ಕೊಳೆತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದು ಕೆ.ಜಿ. ಬೇವಿನ ಹಿಂಡಿ. ಗೋಡು ಕಾಲು ಭಾಗ ಮೀರಬಾರದು. ಒಣಗಿದರೆ ಬಿರಿದು ಬೇರು ಹರಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದ ಕೋಲಾರದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದರಿಂದ ಅಲ್ಲಿ ಗೋಡು ಎತ್ತುವುದು ಕಷ್ಟ; ಆಗ ಅಷ್ಟಕ್ಕೂ ಕೆಂಪು ಮಣ್ಣೇ ಸರಿ. ಪೊದೆಗೆ ಬಿಡಿ ಗುಂಡಿ ಬೇಡ, 1.2 ಮೀಟರ್ ಅಗಲ, 45 ಸೆಂ.ಮೀ. ಆಳದ ಒಂದೇ ಕಂದಕ, ಅದಕ್ಕೆ ಐದನೇ ಒಂದು ಭಾಗ ಗೊಬ್ಬರ. ಮರ, ಪೊದೆ ಎರಡಕ್ಕೂ ಸೇರಿ ಗೊಬ್ಬರ ಸುಮಾರು 18.5 ಘನ ಮೀಟರ್ ಆಗುತ್ತದೆ. 100 ಘನ ಅಡಿಯ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಏಳು ಲೋಡ್. ಗುಂಡಿಯನ್ನು ನೆಲಮಟ್ಟಕ್ಕಿಂತ 15 ಸೆಂ.ಮೀ. ಎತ್ತರಕ್ಕೆ ತುಂಬಬೇಕು, ಒಂದು ಮಳೆಗೆ ಕುಸಿದು ಸಮ ಆಗುತ್ತದೆ. ಸಿಮೆಂಟ್ ಚೂರು, ಗಾರೆ ಕಸ ಇರುವ ಮಣ್ಣನ್ನು ಯಾರು ಎಷ್ಟು ಹೇಳಿದರೂ ತುಂಬಬೇಡಿ.

ಯಾವ ಗಿಡ

ಗೋಡೆ ಕಡೆಯ ಸಾಲಿಗೆ ಹೊಂಗೆ. ನಮ್ಮ ಬಯಲುಸೀಮೆಯ ಕಡಿಮೆ ಮಳೆಗೆ ಅದು ಹೇಳಿ ಮಾಡಿಸಿದ್ದು, ಕೊಂಬೆ ಕೆಳಗಿನಿಂದಲೇ ಹರಡುತ್ತದೆ. ಒಂದು ಕೊರತೆ ಇದೆ: ಬೇಸಿಗೆ ಶುರುವಿನಲ್ಲಿ ಎಲೆ ಉದುರಿ ಕೆಲವು ದಿನ ಬೋಳಾಗುತ್ತದೆ. ಅದಕ್ಕೇ ಒಳಸಾಲಿಗೆ ಸದಾ ಹಸಿರಿನ ರೆಂಜ (ಬಕುಳ). ರೆಂಜ ಬಹಳ ನಿಧಾನ. ಅದು ಎತ್ತರಕ್ಕೆ ಬರುವವರೆಗೆ ಮರಗಳ ನಡುವೆ ಒಂದೊಂದು ಅಗಸೆ ಮರ ಹಾಕುತ್ತೇನೆ. ಒಂದೇ ವರ್ಷದಲ್ಲಿ ಮೂರು ಮೀಟರ್ ದಾಟುತ್ತದೆ. ಪೊದೆಗೆ ಆಡುಸೋಗೆ, ಲಕ್ಕಿ, ಬಂದರಿಕೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆಡುಸೋಗೆಯನ್ನು ಮಾತ್ರ ಅದು ಬಿಡುತ್ತದೆ. ಗೇಟು ತೆರೆದೇ ಇರುವ ಗೋದಾಮುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಆಲ, ಅರಳಿ, ಅತ್ತಿ ಗೋಡೆಯ ಹತ್ತಿರ ಬೇಡ. ಉದ್ದ ಅಶೋಕವನ್ನು ಎಲ್ಲರೂ ಕೇಳುತ್ತಾರೆ. ಕಂಬದ ಹಾಗೆ ಬೆಳೆದು ಎರಡರ ನಡುವೆ ಸಂದು ಬಿಡುತ್ತದೆ. ನುಗ್ಗೆ ಕೇಳುವ ಮನೆಯವರಿಗೆ ಕಂಬಳಿ ಹುಳದ ನೆನಪು ಮಾಡಿದರೆ ಸಾಕು. ಕೊನೊಕಾರ್ಪಸ್ ಬೇಗ ಮುಚ್ಚಿಕೊಳ್ಳುತ್ತದೆ ನಿಜ, ಆದರೆ ಬೇರು ಪೈಪು, ಚರಂಡಿಗೆ ನುಗ್ಗುತ್ತದೆ. ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿದೆ. ನೀಲಗಿರಿಯ ಮಾತೇ ಬೇಡ, ಕರ್ನಾಟಕದಲ್ಲಿ ಅದನ್ನು ಹೊಸದಾಗಿ ನೆಡುವುದಕ್ಕೆ 2017ರಿಂದ ನಿರ್ಬಂಧವಿದೆ.

ಸಸಿ 10×16 ಅಂಗುಲದ ಚೀಲದ್ದು, ಐದಾರು ಅಡಿ ಎತ್ತರ. ಅದಕ್ಕಿಂತ ದೊಡ್ಡದು ತಂದರೆ ಫೋಟೋಗೆ ಚೆನ್ನ, ಬೇರು ಹಿಡಿಯುವುದು ತಡ. ಚೀಲ ಸೀಳಿದಾಗ ತಳದಲ್ಲಿ ಬೇರು ಸಿಂಬೆ ಸುತ್ತಿದ್ದರೆ ಅದನ್ನು ಕುಯ್ಯಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಒಳ್ಳೆಯ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬರುವುದರಿಂದ ಜುಲೈ ಕೊನೆಗೆ ನೆಟ್ಟರೆ ಸರಿಯಾಗಿ ಕೂರುತ್ತದೆ.

ನೀರು

ಮೊದಲ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್, ಪೊದೆಗೆ 4. ಒಟ್ಟು ಸುಮಾರು 1,660 ಲೀಟರ್; 5,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೊಂದು. ಡ್ರಿಪ್‌ಗೆ ಎರಡು ಬೇರೆ ವಾಲ್ವ್ ಇಡುತ್ತೇನೆ. ಪ್ರತಿ ಮರಕ್ಕೆ ಗಂಟೆಗೆ 8 ಲೀಟರಿನ ಎರಡು ಡ್ರಿಪ್ಪರ್, ಒಂದೂಕಾಲು ಗಂಟೆ. ಪೊದೆಗೆ 16 ಮಿ.ಮೀ. ಇನ್‌ಲೈನ್ ಪೈಪು, 40 ಸೆಂ.ಮೀ.ಗೊಂದು ಗಂಟೆಗೆ 2 ಲೀಟರಿನ ರಂಧ್ರ, ಒಂದು ಗಂಟೆ ಚಿಲ್ಲರೆ. ಕಾರ್ಖಾನೆಯ ಆರ್‌ಓ ಘಟಕದಿಂದ ಹೊರಬೀಳುವ ನೀರನ್ನು ‘ವೇಸ್ಟ್ ಆಗ್ತಿದೆ’ ಎಂದು ಇದಕ್ಕೆ ತಿರುಗಿಸುತ್ತಾರೆ. ಅದರಲ್ಲಿ ಉಪ್ಪೆಲ್ಲ ಗಟ್ಟಿಯಾಗಿರುತ್ತದೆ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಮೊದಲು ಆ ಪೈಪು ಹುಡುಕಿ. ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು ಪರವಾಗಿಲ್ಲ, ಡಿಸ್ಕ್ ಫಿಲ್ಟರ್ ಇರಲಿ.

ಗಿಡದಿಂದ ಆಗದ ಕೆಲಸ

ಸದ್ದು. ಆರು ಮೀಟರ್ ಎಲೆ ಸದ್ದನ್ನು ಅಳತೆಗೆ ಸಿಗುವಷ್ಟು ಇಳಿಸುವುದಿಲ್ಲ. ಅರವತ್ತು ಮೀಟರ್ ದಟ್ಟ ಕಾಡಿದ್ದರೆ 10 ಡೆಸಿಬಲ್ ಇಳಿಯಬಹುದು. 2000ದ ಶಬ್ದ ನಿಯಮಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬಲ್. ವಸತಿಗೆ 55 ಮತ್ತು 45. ನಡುವಿನ 20-25 ಡೆಸಿಬಲ್ ವ್ಯತ್ಯಾಸವನ್ನು ಹೊಂಗೆ ಎಲ್ಲಿಂದ ತುಂಬಬೇಕು? ಸದ್ದಿನ ಮೂಲಕ್ಕೂ ಕಿವಿಗೂ ನಡುವಿನ ನೇರ ರೇಖೆಯನ್ನು ಗಟ್ಟಿ ಗೋಡೆ ಕಡಿದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ದೂರ ದುಪ್ಪಟ್ಟಾದಾಗಲೆಲ್ಲ 6 ಇಳಿಯುತ್ತದೆ. ಹಾಗಾಗಿ ಕಂಪ್ರೆಸರ್, ಜನರೇಟರ್ ಎರಡನ್ನೂ ಶೆಡ್ಡಿನ ಆಚೆ ಬದಿಗೆ ಹಾಕಿಸುವುದೇ ಅರ್ಧ ಕೆಲಸ. ವಾಸನೆಯೂ ಹೀಗೇ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕದ ಪಕ್ಕ ಎಷ್ಟು ಗಿಡ ನೆಟ್ಟರೂ ಪ್ಯೂಪಾ (ಗೂಡಿನೊಳಗಿನ ಹುಳ) ವಾಸನೆ ನಿಲ್ಲುವುದಿಲ್ಲ. ಧೂಳಿಗೆ ಮಾತ್ರ ಎಲೆ ಚೆನ್ನಾಗಿ ಕೆಲಸ ಮಾಡುತ್ತದೆ.

ರೇಷ್ಮೆ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಫರಿನ ಆಚೆ ಹಿಪ್ಪುನೇರಳೆ ತೋಟ ಇದ್ದರೆ ಗಿಡಗಳಿಗೆ ಕೀಟನಾಶಕ ಸಿಂಪಡಿಸಬಾರದು, ಬೇವಿನ ಎಣ್ಣೆಯೂ ಕೂಡದು. ಸೊಪ್ಪಿನ ಮೇಲೆ ಅದು ಹಾರಿ ಬಿದ್ದರೆ ರೇಷ್ಮೆ ಹುಳುವಿಗೆ ವಿಷ, ಒಂದು ಬೆಳೆಯೇ ಕೈಬಿಡುತ್ತದೆ. ಹುಳ ಬಿದ್ದ ಕೊಂಬೆಯನ್ನು ಕತ್ತರಿಸಿ ಹೂಳಿಸಿದರೆ ಸಾಕು.

ಪಟ್ಟಿಯ ಮೇಲೆ 11 ಕೆವಿ ತಂತಿ ಹೋಗಿದ್ದರೆ ಅದರ ಕೆಳಗೆ ಪೊದೆ ಮಾತ್ರ. 66 ಕೆವಿ ಆದರೆ ಆ ಮಾರ್ಗಕ್ಕೇ 18 ಮೀಟರ್ ಅಗಲ ಬಿಡಬೇಕು, ಅಲ್ಲಿ ಮರದ ಸಾಲಿನ ಯೋಚನೆಯೇ ಬೇಡ. ಲೈನ್ ಕೆಲಸದವರು ಮರದ ತಲೆ ಹಾರಿಸಿದರೆ ಅವರ ತಪ್ಪಲ್ಲ.

ಅಗಸೆಯನ್ನು ಮೂರನೇ ವರ್ಷದ ಮಳೆಗಾಲದ ಕೊನೆಗೆ ತೆಗೆಯುತ್ತೇನೆ, ಒಂದು ಬಿಟ್ಟು ಒಂದರಂತೆ, ಎರಡು ಕಂತಿನಲ್ಲಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಜಾತಿಗಳ ಪಟ್ಟಿಯಲ್ಲಿ ಅಗಸೆ ಇದೆ. ಹೊಂಗೆ, ರೆಂಜಕ್ಕೆ ಆ ವಿನಾಯಿತಿ ಇಲ್ಲ. ಆದ್ದರಿಂದ ಕಡಿಯುವ ಕೂಲಿಯವರು ಬರುವ ಮೊದಲು ಅಗಸೆಯ ಕಾಂಡಕ್ಕೆ ಸುಣ್ಣದ ಗುರುತು ಹಾಕಿಸಿ, ಬುಡವನ್ನು ನೆಲಮಟ್ಟಕ್ಕೆ ಕೊಯ್ಸಿ ಬೇರನ್ನು ಮಣ್ಣಿನಲ್ಲೇ ಬಿಡಬೇಕು. ಕಿತ್ತರೆ ಪಕ್ಕದ ರೆಂಜದ ಬೇರೂ ಜೊತೆಗೇ ಬರುತ್ತದೆ.