ಮಳೆಗಾಲದಲ್ಲಿ ಬಿದಿರಿನ ಪಟ್ಟಿಗಳನ್ನು ಅಂಟಿಸುವ ಕ್ರಮ

ಶಿರಸಿಯ ಮಳೆಗಾಲದಲ್ಲಿ ಬಿದಿರಿನ ಪಟ್ಟಿಗಳನ್ನು ಅಂಟಿಸುವವರು ಅಂಟಿಗಿಂತ ಮೊದಲು ತೇವಾಂಶ ಮಾಪಕವನ್ನು ಕೊಳ್ಳುವುದು ಒಳ್ಳೆಯದು, ತೇವಾಂಶ ಶೇ. 12ಕ್ಕಿಂತ ಹೆಚ್ಚಿದ್ದರೆ ಪಟ್ಟಿಗಳನ್ನು ಅಡಿಕೆ ಡ್ರೈಯರಿನಲ್ಲಿ ಹದವಾದ ಶಾಖದಲ್ಲಿ ಒಣಗಿಸಬಹುದು. ಹೊರಸಿಪ್ಪೆಯ ಮೇಣ ಮತ್ತು ಸಿಲಿಕಾದ (ಮರಳಿನಲ್ಲಿರುವಂಥ ಗಟ್ಟಿ ಖನಿಜ) ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಅದನ್ನೂ ಒಳಗಿನ ಮೆದು ಪದರವನ್ನೂ ಪ್ಲೇನರಿನಲ್ಲಿ ಹೆರೆದು ಎಲ್ಲ ಪಟ್ಟಿಗಳನ್ನು ಒಂದೇ ದಪ್ಪಕ್ಕೆ ತರಬೇಕು. ಇದೇ ಸಿಲಿಕಾ ಸಾಧಾರಣ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ದುಬಾರಿಯಾದರೂ ಕಾರ್ಬೈಡ್ ಬ್ಲೇಡೇ ಲೇಸು.

ಅಂಟನ್ನು ರೋಲರಿನಿಂದ ತೆಳುವಾಗಿ ಹಚ್ಚಿ, ಕ್ಲ್ಯಾಂಪಿಗೂ ಪಟ್ಟಿಗೂ ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು, ಮಧ್ಯದಿಂದ ತುದಿಗಳ ಕಡೆಗೆ ಬಿಗಿಯುತ್ತ ಹೋಗಬೇಕು. ಸಂದಿನುದ್ದಕ್ಕೂ ಅಂಟು ಸಣ್ಣ ಹನಿಗಳಾಗಿ ಹೊರಬಂದರೆ ಒತ್ತಡ ಸಾಕು. ಹನಿ ಕಾಣದ ಕಡೆ ಅಂಟಾಗಲಿ ಬಿಗಿಯಾಗಲಿ ಕಡಿಮೆಯಾಗಿರುತ್ತದೆ. ಬಿಳಿ ಅಂಟಾದರೆ (ಫೆವಿಕಾಲ್‌ನಂಥ ಮರದ ಅಂಟು), ಈ ಹವೆಯಲ್ಲಿ ಮರುದಿನದವರೆಗೆ ಕ್ಲ್ಯಾಂಪು ಬಿಚ್ಚಬಾರದು.