ಪದ್ಮಿನಿಯಲ್ಲಿ ಕಾಲು ಚಾಚಲು ಜಾಗ: ಡ್ರಿಲ್ ಹಿಡಿಯುವ ಮೊದಲು ಟೇಪ್ ಹಿಡಿಯಿರಿ

ಪ್ರೀಮಿಯರ್ ಪದ್ಮಿನಿ ಓಡಿಸಿದ ಉದ್ದ ಕಾಲಿನವರಿಗೆಲ್ಲ ಈ ಕಷ್ಟ ಗೊತ್ತು. ಕ್ಲಚ್ ಒತ್ತಲು ಎಡಗಾಲು ಎತ್ತಿದರೆ ಮಂಡಿ ಸ್ಟೀರಿಂಗ್ ಅಂಚಿಗೆ ಬಡಿಯುತ್ತದೆ. ಸ್ಟೀರಿಂಗ್ ಪಕ್ಕದಲ್ಲೇ ಇರುವ ಗೇರ್ ಲಿವರ್ ಕೆಳಕ್ಕೆ ಎಳೆದರೆ ಅದೂ ತೊಡೆಗೆ ತಾಗುತ್ತದೆ. ಬೆಂಗಳೂರಿಂದ ತುಮಕೂರು ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ.

ನಮ್ಮ ಮನೆಯ ಕಾರು 1986ರದ್ದು. ಅಪ್ಪನ ಎತ್ತರ 5 ಅಡಿ 5 ಇಂಚು, ಅವರಿಗೆ ಅದರಲ್ಲಿ ಯಾವತ್ತೂ ತೊಂದರೆ ಆಗಲಿಲ್ಲ. ನನ್ನದು 6 ಅಡಿ 1 ಇಂಚು. ಕಾರು ನನ್ನ ಕೈಗೆ ಬಂದ ಮೇಲೆ ಮೊದಲು ತೋರಿಸಿದ ಗ್ಯಾರೇಜಿನಲ್ಲಿ, ಸೀಟಿನ ಸ್ಲೈಡರ್ (ಸೀಟು ಹಿಂದೆ ಮುಂದೆ ಜಾರುವ ಹಳಿ) ಕಿತ್ತು ಹಿಂದಕ್ಕೆ ವೆಲ್ಡ್ ಮಾಡಿ ಕೊಡ್ತೀವಿ, ಅರ್ಧ ದಿನದ ಕೆಲಸ ಅಂದರು. ನಾನು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು, ಯಾಕೆಂದರೆ ಆಮೇಲೆ ನನಗೆ ಸಿಕ್ಕ 3.75 ಇಂಚು ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರಿನಲ್ಲೇ ಇತ್ತು. ವರ್ಷಗಳು ಕಳೆದಂತೆ ಮುಚ್ಚಿಹೋಗಿತ್ತು, ಅಷ್ಟೇ.

ಈ ಕಾರು ಹುಟ್ಟಿದ್ದು ಇಟಲಿಯ ಫಿಯಟ್ 1100 ಆಗಿ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್‌ನವರು 1964ರಿಂದ ಈ ಮಾದರಿ ಮಾಡಿದರು, ಪದ್ಮಿನಿ ಅನ್ನೋ ಹೆಸರು ಬಂದಿದ್ದು 1974ರಲ್ಲಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವ ಅಂತರ 2,340 ಮಿಲಿಮೀಟರ್. ಅಷ್ಟರಲ್ಲೇ ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಜಾಗ ಹಂಚಬೇಕು. ಹಾಗಾಗಿ ಇಲ್ಲಿ ಅರ್ಧ ಇಂಚಿಗೂ ಬೆಲೆ ಇದೆ.

ಮೊದಲ ಕೆಲಸ ಅಳತೆ. ನೀವು ದಿನಾ ಹಾಕುವ ಶೂ ಅಥವಾ ಚಪ್ಪಲಿಯಲ್ಲೇ ಕೂತುಕೊಳ್ಳಿ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಕ್ಲಚ್ ತಳ ಮುಟ್ಟುವಷ್ಟು ಒತ್ತಿ. ಆಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾದರೆ ಸೀಟು ಜಾಸ್ತಿ ಹಿಂದೆ ಹೋಗಿದೆ ಅಂತ ಅರ್ಥ. ಬೆನ್ನನ್ನು ಸೀಟಿಗೆ ಒತ್ತಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿನ ಮೇಲೆ ಕೂರಬೇಕು. ಇದು ಮುಖ್ಯ. ಕಾಲಿಗೆ ಜಾಗ ಮಾಡಲು ಹೋಗಿ ಕೈಗೆ ಸ್ಟೀರಿಂಗ್ ಎಟುಕದಂತೆ ಮಾಡಿಕೊಂಡವರನ್ನು ನೋಡಿದ್ದೇನೆ. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಅದು ಅಪಾಯ. ಕ್ಲಚ್ ಪೆಡಲ್‌ನಿಂದ ಸೀಟಿನ ಬೆನ್ನಿಗೆ ಎಷ್ಟು, ಸ್ಟೀರಿಂಗ್‌ನ ಕೆಳಅಂಚಿನಿಂದ ಸೀಟಿನ ಮೇಲ್ಮೈಗೆ ಎಷ್ಟು, ಎರಡನ್ನೂ ಟೇಪ್‌ನಲ್ಲಿ ಅಳೆದು ಬರೆದಿಡಿ.

ಆಮೇಲೆ ಸೀಟ್ ಬಿಚ್ಚಿ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ, ಬೆಳಗ್ಗೆ ಸುಲಭವಾಗಿ ಬರುತ್ತವೆ. ಸೀಟ್ ಎತ್ತಿದಾಗ ನನಗೆ ಸ್ಲೈಡರ್‌ನ ಸಂದಿಯಲ್ಲಿ ಸಿಕ್ಕಿದ್ದು ಅಮ್ಮನ ಹೇರ್‌ಪಿನ್ ಎರಡು, ಕಲ್ಲಿನಂತೆ ಗಟ್ಟಿಯಾದ ಗ್ರೀಸು, ಕಡ್ಲೆಕಾಯಿ ಸಿಪ್ಪೆ, ಮತ್ತೆ ಒಂದು 25 ಪೈಸೆ ನಾಣ್ಯ. ಆ ನಾಣ್ಯ ಚಲಾವಣೆಯಿಂದ ಹೋಗಿದ್ದು 2011ರಲ್ಲಿ. ಅಷ್ಟು ವರ್ಷದಿಂದ ಅದು ಅಲ್ಲೇ ಅಡ್ಡ ಕೂತಿತ್ತು, ಸೀಟು ಲಾಕ್ ಆಗುವ ಹಲ್ಲುಗಳಲ್ಲಿ ಕೊನೆಯ ಎರಡಕ್ಕೆ ಹೋಗದಂತೆ. ನಾವೆಲ್ಲ ಸೀಟು ಅಷ್ಟೇ ಹಿಂದಕ್ಕೆ ಹೋಗೋದು ಅಂದುಕೊಂಡಿದ್ದೆವು. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತೊಳೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ತೆಳುವಾಗಿ ಹೊಸ ಗ್ರೀಸ್ ಸವರಿದೆ. 1 ಇಂಚು ಸಿಕ್ಕಿತು, ಖರ್ಚು ಏನೂ ಇಲ್ಲ. ಸೀಟ್ ಹೊರಗಿರುವಾಗಲೇ ಲಾಕ್ ಹಲ್ಲು ಸವೆದಿದೆಯಾ ನೋಡಿಬಿಡಿ. ಬ್ರೇಕ್ ಹಾಕಿದಾಗ ಸೀಟು ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ನೆಲದ ತಗಡಿಗೆ ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಮುಗಿಯುವವರೆಗೆ ಮುಂದಿನ ಕೆಲಸ ಬೇಡ.

ಈಗ ಕುಶನ್. ಹಳೇ ಕಾರುಗಳಲ್ಲಿ ಜಾಗ ತಿನ್ನುವ ದೊಡ್ಡ ಕಳ್ಳ ಇದೇ ಅಂತ ನನಗೆ ಖಾತ್ರಿ. ಸ್ಪ್ರಿಂಗ್ ಕುಸಿದಾಗಲೆಲ್ಲ ಸೀಟ್ ಕೆಲಸದವರು ಒಂದು ಪದರ ಫೋಮ್ ತುರುಕುತ್ತಾರೆ, ಹಳೇ ರೆಕ್ಸಿನ್ ಮೇಲೆಯೇ ಹೊಸ ರೆಕ್ಸಿನ್ ಹೊಲಿಯುತ್ತಾರೆ. ನಮ್ಮ ಕಾರಿನ ಬೆನ್ನಿನ ಭಾಗ ಬಿಚ್ಚಿದಾಗ ಮೇಲೆ ಮೆರೂನ್, ಅದರ ಕೆಳಗೆ ಕಂದು, ಅದರ ಕೆಳಗೆ ಬಿರುಕು ಬಿಟ್ಟ ಬೂದು ಬಣ್ಣದ್ದು, ಹೀಗೆ ಮೂರು ಹೊದಿಕೆ ಇದ್ದವು. ನಡುವೆ ಪುಡಿಪುಡಿಯಾದ ಹಳದಿ ಫೋಮ್, ಮುಟ್ಟಿದರೆ ರವೆಯ ಹಾಗೆ ಉದುರುತ್ತಿತ್ತು. ಎಲ್ಲ ತೆಗೆಸಿ, ಸ್ಪ್ರಿಂಗ್ ಸರಿ ಮಾಡಿಸಿ, ಗಟ್ಟಿ ಫೋಮ್ ತೆಳುವಾಗಿ ಹಾಕಿಸಿದೆ. ಬೆನ್ನಿನಲ್ಲಿ ಒಂದೂಕಾಲು ಇಂಚು ಉಳಿಯಿತು, ಕೂರುವ ಕಡೆ 1 ಇಂಚು ತಗ್ಗಿತು. ತಗ್ಗಿದ್ದೂ ಲಾಭವೇ, ತೊಡೆಗೂ ಸ್ಟೀರಿಂಗ್‌ಗೂ ನಡುವೆ ಅಷ್ಟು ಸಂದು ಬಂತು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಸುತ್ತಮುತ್ತ ಈ ಕೆಲಸ ಮಾಡುವವರು ಸಿಗುತ್ತಾರೆ. ಅವರಿಗೆ ಎರಡು ಮಾತು ಮೊದಲೇ ಹೇಳಿ: ಮೆತ್ತನೆ ಫೋಮ್ ಬೇಡ, ಗಟ್ಟಿಯದ್ದೇ ಬೇಕು, ಸೊಂಟದ ಹತ್ತಿರ ಉಬ್ಬು ಇರಲಿ, ಭುಜದ ಹತ್ತಿರ ತೆಳುವಾಗಿರಲಿ. ಸುಮ್ನೆ ತೆಳು ಮಾಡಿಸಿದರೆ ಜಾಗವೇನೋ ಸಿಗುತ್ತದೆ, ಬೆನ್ನು ಹೋಗುತ್ತದೆ.

ಹಾಗೇ ಕಾಲ ಕೆಳಗೂ ನೋಡಿ. ರಬ್ಬರ್ ಮ್ಯಾಟ್ ಮೇಲೆ ಕಾರ್ಪೆಟ್, ಅದರ ಮೇಲೆ ಇನ್ನೊಂದು ಮ್ಯಾಟ್ ಇದ್ದರೆ ಒಂದನ್ನು ಬಿಟ್ಟು ಉಳಿದದ್ದು ತೆಗೆಯಿರಿ, ಹಿಮ್ಮಡಿ ಕೆಳಗಿಳಿದಷ್ಟೂ ಮಂಡಿ ಕೆಳಗಿಳಿಯುತ್ತದೆ. ಕ್ಲಚ್ ತುಂಬಾ ಮೇಲೆ ಹಿಡಿಯುತ್ತಿದ್ದರೆ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿ. ಪೆಡಲ್ ಬಗ್ಗಿಸುವುದು, ಕತ್ತರಿಸಿ ಬೆಸೆಯುವುದು ಯಾರು ಹೇಳಿದರೂ ಬೇಡ.

ಇಷ್ಟಾದ ಮೇಲೆ ಮತ್ತೆ ಕೂತು ಅಳೆಯಿರಿ. 5 ಅಡಿ 10ರ ಒಳಗಿನವರಿಗೆ ಬಹುಶಃ ಇಷ್ಟೇ ಸಾಕು. ನನಗೆ ಸಾಲಲಿಲ್ಲ, ಆದ್ದರಿಂದ ಸೀಟನ್ನೇ ಒಂದೂವರೆ ಇಂಚು ಹಿಂದಕ್ಕೆ ತಂದೆ. ನೆಲದಲ್ಲಿ ಒಂದೇ ಒಂದು ಹೊಸ ತೂತು ಕೊರೆಯದೆ.

ಬೇಕಾಗಿದ್ದು 40 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎಂ.ಎಸ್. ಫ್ಲಾಟ್ (ಮೈಲ್ಡ್ ಸ್ಟೀಲ್ ಪಟ್ಟಿ), ಎರಡು ತುಂಡು. ಒಂದೊಂದು ಸ್ಲೈಡರ್‌ನ ಕೆಳಗೆ ಒಂದೊಂದು. ಉದ್ದ ಎಷ್ಟು ಅಂದರೆ ಸ್ಲೈಡರ್‌ನ ಉದ್ದಕ್ಕೆ ಎರಡು ಇಂಚು ಸೇರಿಸಿ. ಪ್ರತಿ ಪಟ್ಟಿಯಲ್ಲಿ ನಾಲ್ಕು ತೂತು. ಎರಡು ತೂತು ನೆಲದ ಮೂಲ ತೂತಿಗೆ ಸರಿಯಾಗಿ, ಇವಕ್ಕೆ ಸಿಎಸ್‌ಕೆ (ಕೌಂಟರ್‌ಸಂಕ್) ಬೋಲ್ಟ್, ಅದರ ಚಪ್ಪಟೆ ತಲೆ ಪಟ್ಟಿಯೊಳಗೆ ಮುಳುಗಬೇಕು, ಇಲ್ಲದಿದ್ದರೆ ಸ್ಲೈಡರ್ ಅದರ ಮೇಲೆ ಹತ್ತಿ ಕೂರುತ್ತದೆ. ಇನ್ನೆರಡು ಅದೇ ಅಂತರದಲ್ಲಿ, ಒಂದೂವರೆ ಇಂಚು ಹಿಂದಕ್ಕೆ. ಇವಕ್ಕೆ ಟ್ಯಾಪ್ ಹಾಕಿಸಿ, ಅಂದರೆ ತೂತಿನೊಳಗೆ ಮರೆ (ತಿರುಪಿನ ಸುತ್ತು) ಕೊರೆಸಿ, ಸ್ಲೈಡರ್‌ನ ಬೋಲ್ಟ್ ನೇರವಾಗಿ ಪಟ್ಟಿಗೆ ಬಿಗಿಯುತ್ತದೆ. ಪಟ್ಟಿ 10 ಮಿ.ಮೀ. ದಪ್ಪ ಇರಲಿ ಅಂದಿದ್ದು ಇದಕ್ಕೇ, ತೆಳು ಪಟ್ಟಿಯಲ್ಲಿ ಮರೆ ಸಾಕಷ್ಟು ಕಚ್ಚುವುದಿಲ್ಲ. ನೆಲಕ್ಕೆ ಹೋಗುವ ಬೋಲ್ಟ್ ಮೊದಲಿಗಿಂತ 10 ಮಿ.ಮೀ. ಉದ್ದ ಬೇಕಾಗುತ್ತದೆ. ಗಾತ್ರ ಮತ್ತು ಮರೆ ಮೂಲದ್ದೇ ಇರಲಿ, ಎಲ್ಲವೂ ಹೈ ಟೆನ್ಸೈಲ್, ಅಂದರೆ ಹೆಚ್ಚು ಗಟ್ಟಿಯವು, ಗ್ರೇಡ್ 8.8 ಅಥವಾ ಅದಕ್ಕಿಂತ ಮೇಲಿನದು. ಯಾವುದೇ ಲೇತ್ ಅಂಗಡಿಯಲ್ಲಿ ಈ ಕೆಲಸ ಆಗುತ್ತದೆ. ಹಳೇ ಸ್ಲೈಡರನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ, ಅದನ್ನೇ ಇಟ್ಟು ಗುರುತು ಹಾಕಿಸಿ. ಕಾಗದದ ಮೇಲೆ ಬರೆದುಕೊಂಡ ಅಳತೆಯಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಸೀಟು ಓರೆಯಾಗಿ ಬಿಗಿಯಾಗುತ್ತದೆ.

ಹಿಂದಿನ ತುದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೀಟಿನ ಹಿಂಬದಿಯ ಬೋಲ್ಟ್ ಈಗ ನೆಲದ ಬೋಲ್ಟ್‌ಗಿಂತ ಒಂದೂವರೆ ಇಂಚು ಹಿಂದಿದೆ. ನೀವು ಬೆನ್ನು ಕೊಟ್ಟು ಒರಗಿದಾಗಲೆಲ್ಲ ಭಾರ ಆ ತುದಿಯ ಮೇಲೆ ಬೀಳುತ್ತದೆ. ಅಲ್ಲಿ ಪಟ್ಟಿಯ ಕೆಳಗೆ ಖಾಲಿ ಇದ್ದರೆ, ಆ ಸಂದಿನ ಅಳತೆಗೆ ಸರಿಯಾಗಿ ಕಬ್ಬಿಣದ ತುಂಡು ಕತ್ತರಿಸಿ ಪಟ್ಟಿಯ ಅಡಿಗೆ ಬೆಸುಗೆ ಹಾಕಿಸಿ, ಪಟ್ಟಿ ಹೊರಗಿರುವಾಗಲೇ. ಮರದ ತುಂಡು, ಮಡಿಸಿದ ರಬ್ಬರ್ ಬೇಡ. ಎರಡು ಇಂಚಿಗಿಂತ ಹಿಂದಕ್ಕೆ ತರಬೇಕು ಅಂದರೆ ಈ ವಿಧಾನ ಸಾಲದು, ನಾನಂತೂ ಅಷ್ಟು ದೂರ ಹೋಗುವುದನ್ನು ಒಪ್ಪುವುದಿಲ್ಲ. ಸೀಟ್ ಬೆಲ್ಟ್ ಇದ್ದರೆ, ಸೀಟು ಸರಿದ ಮೇಲೂ ಅದು ಭುಜದ ಮೇಲೆ ಮತ್ತು ಸೊಂಟದ ಎಲುಬಿನ ಮೇಲೆ ಮೊದಲಿನಂತೆಯೇ ಕೂರುತ್ತದೆಯಾ ನೋಡಿ.

ಪಟ್ಟಿಯಿಂದ ಸೀಟು 10 ಮಿ.ಮೀ. ಮೇಲೆದ್ದಿರುತ್ತದೆ. ಕುಶನ್ ತಗ್ಗಿಸಿದ್ದರಿಂದ ಅದು ಗೊತ್ತೇ ಆಗಲಿಲ್ಲ.

ಚಿಕ್ಕ ಸ್ಟೀರಿಂಗ್ ಹಾಕಿಸಿ ಅಂತ ತುಂಬಾ ಜನ ಹೇಳುತ್ತಾರೆ. ಮಂಡಿಗೆ ಜಾಗ ಸಿಗುವುದು ನಿಜ, ಆದರೆ ನಿಂತಲ್ಲೇ ತಿರುಗಿಸುವಾಗ ತೋಳು ಸೋಲುತ್ತದೆ. ನಾನು ಮೂಲದ್ದನ್ನೇ ಉಳಿಸಿಕೊಂಡೆ, ಆ ತೆಳು ಅಂಚಿನ ದೊಡ್ಡ ಚಕ್ರ ಹಿಡಿಯುವ ಖುಷಿ ಬೇರೆ.

ಬೋಲ್ಟ್ ಬಿಚ್ಚಿದರೆ ಹಳೇ ಸ್ಥಿತಿಗೆ ಬರುವಂತೆ ಮಾಡಿ ಅಂತ ಒತ್ತಿ ಹೇಳಲು ಇನ್ನೂ ಒಂದು ಕಾರಣ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೊದಮೊದಲ ಪದ್ಮಿನಿಗಳಿಗೆ ಆ ವಯಸ್ಸು ಆಗಲೇ ಆಗಿದೆ. ಇವತ್ತು ನೆಲ ಕತ್ತರಿಸಿ ಬೆಸೆದದ್ದನ್ನು ನಾಳೆ ಮರೆಸಲು ಆಗುವುದಿಲ್ಲ.

ಎಲ್ಲ ಬಿಗಿದ ಮೇಲೆ ಕಾರಿನ ಹೊರಗೆ ನಿಂತು ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಖಾಲಿ ಮೈದಾನದಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. 100 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಹಳೇ ಬೋಲ್ಟ್‌ಗಳನ್ನು ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು ಎತ್ತಿಡಿ.

ಮನೆಯಲ್ಲಿ ಬೇರೆಯವರೂ ಓಡಿಸುವುದಾದರೆ ಅವರನ್ನೂ ಕೂರಿಸಿ ನೋಡಿ, ಯಾಕೆಂದರೆ ಸೀಟು ಮುಂದಕ್ಕೆ ಬರುವ ಮಿತಿಯೂ ಅಷ್ಟೇ ಹಿಂದೆ ಸರಿದಿರುತ್ತದೆ. ನಮ್ಮಪ್ಪ ಸೀಟನ್ನು ಮೊದಲ ಹಲ್ಲಿಗೆ ಎಳೆದುಕೊಂಡು, ಕ್ಲಚ್ ತಳದವರೆಗೆ ಒತ್ತಿ, ಎಟುಕುತ್ತೆ ಬಿಡೋ ಅಂದರು. ಆಮೇಲೆ ಕೀಲಿ ಕೇಳಿ ಒಂದು ಸುತ್ತು ಹೋಗಿ ಬಂದರು.