ವೆಂಟಿಲೇಟರ್ ಪೇಷಂಟ್‌ನ್ನು ಆಗುಂಬೆ ಇಳಿಸುವುದು: ಬೆಡ್ ಪಕ್ಕದ ಮುಕ್ಕಾಲು ಗಂಟೆ

ಶಿವಮೊಗ್ಗದಿಂದ ಮಣಿಪಾಲಕ್ಕೆ ಕೇಸ್ ಒಯ್ಯುವ ಆಂಬುಲೆನ್ಸ್ ಗಾಡಿಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ ಒಂದೇ: ಎತ್ತಿಕೋ, ಹೊರಡು. ಅದನ್ನು ಬಿಟ್ಟು ನಾವು ಹೊರಡುವ ಮೊದಲು ಐಸಿಯು ಬೆಡ್ ಪಕ್ಕದಲ್ಲೇ ಮುಕ್ಕಾಲು ಗಂಟೆ ನಿಲ್ಲತೊಡಗಿದಾಗ ಡ್ರೈವರ್‌ಗಳು ನಕ್ಕರು, ಕಳಿಸುವ ಆಸ್ಪತ್ರೆಯವರು ಸಿಡುಕಿದರು, ಪೇಷಂಟ್ ಕಡೆಯವರು ಜಗಳಕ್ಕೇ ಬಂದರು. ಈಗ ಅದೇ ಆಸ್ಪತ್ರೆಗಳಿಂದ ನಮ್ಮ ಗಾಡಿಯೇ ಬೇಕೆಂದು ಫೋನ್ ಬರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ರಕ್ತಸ್ರಾವ ನಿಲ್ಲದ ಆಕ್ಸಿಡೆಂಟ್ ಕೇಸ್, ಕ್ಯಾಥ್‌ಲ್ಯಾಬ್‌ಗೆ (ಹೃದಯದ ರಕ್ತನಾಳದ ಬ್ಲಾಕ್ ತೆರೆಯುವ ಕೋಣೆಗೆ) ಹೊರಟ ಹೃದಯಾಘಾತ, ಇವಕ್ಕೆ ಈ ವಿಧಾನವಲ್ಲ. ಅಲ್ಲಿ ನಿಂತಷ್ಟೂ ನಷ್ಟ. ನಾನು ಹೇಳುತ್ತಿರುವುದು ನ್ಯುಮೋನಿಯಾ, ಸೆಪ್ಸಿಸ್, ವಿಷ ಕುಡಿದ ಕೇಸ್, ಹಾವು ಕಚ್ಚಿ ಉಸಿರು ನಿಂತವರು, ಅಂದರೆ ಈಗಾಗಲೇ ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿ, ಸಿರಿಂಜ್ ಪಂಪ್‌ನಲ್ಲಿ ಔಷಧ ಓಡಿಸುತ್ತಿರುವ ಪೇಷಂಟ್‌ಗಳ ವಿಷಯ.

ಲೆಕ್ಕ ಸರಳ. ಸುಮಾರು 150 ಕಿ.ಮೀ. ದಾರಿ, ನಡುವೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು. ಝೀರೋ ಟ್ರಾಫಿಕ್ ಮಾಡಿಸಿ ಜೀವ ಬಿಟ್ಟು ಓಡಿಸಿದರೂ ಉಳಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಗಾಗಿ ಬ್ರೇಕ್, ಆಕ್ಸಿಲರೇಟರ್ ತುಳಿದಾಟದಲ್ಲಿ ಬಿಪಿ ಕೆಡುತ್ತದೆ. ತಲೆ ಮುಂದಕ್ಕಿಟ್ಟು ಮಲಗಿಸಿದವರಿಗೆ ಬ್ರೇಕ್ ಹಾಕಿದಾಗಲೆಲ್ಲ ರಕ್ತವೂ ಹೊಟ್ಟೆಯಲ್ಲಿದ್ದದ್ದೂ ತಲೆಯ ಕಡೆಗೆ ನುಗ್ಗುತ್ತದೆ, ವೇಗ ಹೆಚ್ಚಿಸಿದಾಗ ರಕ್ತ ಕಾಲಿಗಿಳಿಯುತ್ತದೆ. ತಲೆಗೆ ಪೆಟ್ಟಾದವರಿಗೆ ಇದು ನೇರ ಹಾನಿ. ತಲೆ ಕಡೆ 30 ಡಿಗ್ರಿ ಏರಿಸಿ, ಮೂಗಿನ ನಳಿಕೆ ಚೀಲಕ್ಕೆ ಬಿಟ್ಟು, ಒಂದೇ ಹದದಲ್ಲಿ ಓಡಿಸುವ ಡ್ರೈವರ್ ನಮಗೆ ಬೇಕು. ಸೈರನ್ ಶೂರರು ಬೇಡ.

ಬೆಡ್ ಪಕ್ಕದಲ್ಲಿ ಮಾಡುವುದು ಇಷ್ಟು. ನಮ್ಮ ಟ್ರಾನ್ಸ್‌ಪೋರ್ಟ್ ವೆಂಟಿಲೇಟರನ್ನು ಆಸ್ಪತ್ರೆಯ ಗೋಡೆಯ ಆಕ್ಸಿಜನ್‌ಗೇ ಸಿಕ್ಕಿಸಿ, ಅವರದೇ ಸೆಟ್ಟಿಂಗ್‌ನಲ್ಲಿ 20 ನಿಮಿಷ ಓಡಿಸುತ್ತೇವೆ. ಪೇಷಂಟ್ ಅವರ ಬೆಡ್ ಮೇಲೆಯೇ ಇರುತ್ತಾರೆ. ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಕುಸಿಯದಂತೆ ಮಷೀನ್ ಉಳಿಸುವ ಒತ್ತಡ) 10ಕ್ಕಿಂತ ಮೇಲಿದ್ದರೆ ಬದಲಾಯಿಸುವ ಕ್ಷಣದಲ್ಲಿ ಟ್ಯೂಬ್‌ಗೆ ಗಾಜ್ ಸುತ್ತಿ ಫೋರ್ಸೆಪ್ಸ್‌ನಿಂದ ಕ್ಲ್ಯಾಂಪ್. ಇಲ್ಲವಾದರೆ ಒಂದು ಉಸಿರಿನಲ್ಲಿ ಶ್ವಾಸಕೋಶ ಕುಸಿದು, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಮೇಲೆ ಬರಲು ಹತ್ತು ನಿಮಿಷ ಹಿಡಿಯುತ್ತದೆ. ಒಳಗೆ ತಂತಿ ಇರುವ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕಬೇಡಿ, ಚಪ್ಪಟೆಯಾದದ್ದು ಮತ್ತೆ ತೆರೆಯುವುದಿಲ್ಲ. ನಮ್ಮ ಮಷೀನ್ ಈ ಪೇಷಂಟ್‌ಗೆ ಸಾಲದು ಅನ್ನುವುದು ಆ 20 ನಿಮಿಷದಲ್ಲೇ ಗೊತ್ತಾಗುತ್ತದೆ. ಅದು ತೀರ್ಥಹಳ್ಳಿ ದಾಟಿದ ಮೇಲೆ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಆಮೇಲೆ ಪಂಪ್. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಔಷಧದ ಆಂಪೂಲ್ ಮೇಲೆ ಬೈಟಾರ್ಟ್ರೇಟ್ 4 ಮಿ.ಗ್ರಾಂ. ಎಂದು ಬರೆದಿದ್ದರೆ ಒಳಗಿರುವ ನಾರ್‌ಅಡ್ರಿನಲಿನ್ 2 ಮಿ.ಗ್ರಾಂ. ಮಾತ್ರ. ಕಳಿಸುವವರು ಒಂದು ಲೆಕ್ಕ, ನಾವು ಇನ್ನೊಂದು ಲೆಕ್ಕ ಹಿಡಿದರೆ ಡೋಸ್ ಅರ್ಧವಾಗುತ್ತದೆ ಇಲ್ಲವೇ ಎರಡರಷ್ಟಾಗುತ್ತದೆ. ಹಾಗಾಗಿ ಅವರ ಸಿರಿಂಜ್ ಒಯ್ಯುವುದೇ ಇಲ್ಲ. ಅಂಥ ಎರಡು ಆಂಪೂಲ್ 50 ಎಂಎಲ್‌ಗೆ ನಾವೇ ಕಲಸುತ್ತೇವೆ, ಎಂಎಲ್‌ಗೆ 80 ಮೈಕ್ರೋಗ್ರಾಂ. 60 ಕೆಜಿಯವರಿಗೆ ನಿಮಿಷಕ್ಕೆ ಕೆಜಿಗೆ 0.2 ಮೈಕ್ರೋಗ್ರಾಂ ಓಡುತ್ತಿದ್ದರೆ ಗಂಟೆಗೆ 9 ಎಂಎಲ್. ಹೊಸ ಸಿರಿಂಜ್ ಹಾಕಿದರೆ ಪಂಪ್‌ನ ಸಡಿಲ ತುಂಬಿ ಔಷಧ ಹೊರಡಲು ಕೆಲವು ನಿಮಿಷ ಬೇಕು, ಈ ಔಷಧಕ್ಕೆ ರಕ್ತದಲ್ಲಿ ಆಯಸ್ಸು ಎರಡು-ಮೂರು ನಿಮಿಷ. ಅದಕ್ಕೆ ಪರ್ಜ್ ಮಾಡಿ (ಜೋಡಿಸುವ ಮೊದಲೇ ಔಷಧ ತುದಿಗೆ ಬರುವವರೆಗೆ ಪಂಪ್ ಓಡಿಸಿ), ನಮ್ಮದು ಓಡಿ ಬಿಪಿ ಏರುವುದು ಕಂಡ ಮೇಲೆಯೇ ಅವರದನ್ನು ಇಳಿಸುತ್ತ ಬರುತ್ತೇವೆ. ಪಂಪ್‌ಗಳನ್ನು ಪೇಷಂಟ್ ಎದೆಯ ಮಟ್ಟದಲ್ಲೇ ಕಟ್ಟಬೇಕು. ಮೇಲಿನ ರ‍್ಯಾಕ್‌ಗೆ ಎತ್ತಿದರೆ ಒಂದಿಷ್ಟು ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ, ಕೆಳಗಿಳಿಸಿದರೆ ಸ್ವಲ್ಪ ಹೊತ್ತು ಏನೂ ಹೋಗುವುದಿಲ್ಲ. ಎರಡನೇ ನಾರ್‌ಅಡ್ ಪಂಪ್ ತುಂಬಿ ಸಿದ್ಧವಾಗಿರಲೇಬೇಕು.

ಆಕ್ಸಿಜನ್: ನಮ್ಮ ಟರ್ಬೈನ್ ಮಷೀನ್ ಬಯಾಸ್ ಫ್ಲೋ (ಉಸಿರುಗಳ ನಡುವೆಯೂ ಹರಿಯುತ್ತಲೇ ಇರುವ ಗಾಳಿ) ಸೇರಿ 100%ಗೆ ನಿಮಿಷಕ್ಕೆ 13-14 ಲೀಟರ್ ಕುಡಿಯುತ್ತದೆ, 60%ಗೆ ಸುಮಾರು ಅದರರ್ಧ. ದಾರಿಯಲ್ಲಿ ಮರ ಬಿದ್ದೀತೆಂದು ನಾಲ್ಕೂವರೆ ಗಂಟೆ ಹಿಡಿಯಿರಿ, 100%ಗೆ ಸುಮಾರು 3,800 ಲೀಟರ್. ಅದಕ್ಕೆ ಒಂದೂವರೆ ಪಟ್ಟು. ಜಂಬೋ ಸಿಲಿಂಡರ್‌ನಲ್ಲಿ ಒಂದು ಬಾರ್‌ಗೆ 46 ಲೀಟರ್‌ನಷ್ಟು ಸಿಗುತ್ತದೆ, ಹಾಗಾಗಿ ಗೇಜ್ 125 ಬಾರ್‌ಗಿಂತ ಕೆಳಗಿದ್ದರೆ ಗಾಡಿ ಹೊರಡುವುದಿಲ್ಲ. ಜತೆಗೆ ಎರಡು ಬಿ-ಟೈಪ್ (ಸಣ್ಣ ಸಿಲಿಂಡರ್) ತುಂಬಿದ್ದು. ನಾವು ಕಳೆದುಕೊಂಡದ್ದು ಸಿಲಿಂಡರ್‌ಗಿಂತ ಹೆಚ್ಚು ಜಾಯಿಂಟ್‌ಗಳಲ್ಲಿ. ಕೊಪ್ಪ ಕಡೆಯ ಹೊಂಡಗಳಲ್ಲಿ ಕುಲುಕಿ ರೆಗ್ಯುಲೇಟರನ್ನು ಸಿಲಿಂಡರ್‌ಗೆ ಬಿಗಿಯುವ ಬುಲ್‌ನೋಸ್ ನಟ್ ಸಡಿಲವಾಗಿ, ಸೈರನ್ ಸದ್ದಿಗೆ ಸೋರುವ ಸದ್ದು ಕೇಳುವುದಿಲ್ಲ. ಈಗ ಪ್ರತಿ ಕೇಸ್‌ಗೆ ಮುಂಚೆ ಸೋಪಿನ ನೀರು, ನಟ್‌ನಿಂದ ಸಿಲಿಂಡರ್‌ಗೆ ಮಾರ್ಕರ್‌ನಲ್ಲಿ ಒಂದು ಗೆರೆ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದೇ ಅರ್ಥ.

ಬ್ಯಾಟರಿಯ ಮೇಲೆ ಹಾಳಾದ ದುಡ್ಡು ಕೇಳಬೇಡಿ. ಮೊದಲು ಮನೆಯ ಇನ್ವರ್ಟರ್‌ನ 150 ಎಎಚ್ ಟ್ಯೂಬುಲರ್ ಹಾಕಿದೆವು, ತಿರುವುಗಳಲ್ಲಿ ಆಸಿಡ್ ಚೆಲ್ಲಿ ಫ್ಲೋರ್ ಶೀಟ್ ತಿಂದುಹಾಕಿತು. ಅಗ್ಗದ ಇನ್ವರ್ಟರ್‌ನ ಕೊಳಕು ಕರೆಂಟಿಗೆ ಪಂಪ್ ಅಡಾಪ್ಟರ್‌ಗಳು ಕಾದು ಎರಡು ಸುಟ್ಟವು. ಪ್ಯೂರ್ ಸೈನ್‌ವೇವ್, ಸೀಲ್ಡ್ ಜೆಲ್ ಬ್ಯಾಟರಿ, ಇಂಜಿನ್ ಬ್ಯಾಟರಿಯಿಂದ ಬೇರ್ಪಡಿಸುವ ರಿಲೇ, ಎಲ್ಲ ಸೇರಿ ಸುಮಾರು 60 ಸಾವಿರ. ಅಲ್ಲಿಗೆ ಕಾಟ ತೀರಿತು. ವೆಂಟಿಲೇಟರ್‌ನ ಒಳ ಬ್ಯಾಟರಿಯ ಗೆರೆಗಳನ್ನು ನಂಬಬೇಡಿ. ಸದಾ ಚಾರ್ಜ್‌ನಲ್ಲಿಟ್ಟ ಹಳೆಯ ಬ್ಯಾಟರಿ ಫುಲ್ ತೋರಿಸಿ ಮುಕ್ಕಾಲು ಗಂಟೆಗೆ ಸಾಯುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಲಂಗ್ (ಶ್ವಾಸಕೋಶದ ಬದಲಿಗೆ ಸಿಕ್ಕಿಸುವ ರಬ್ಬರ್ ಚೀಲ) ಹಾಕಿ, ಪ್ಲಗ್ ಕಿತ್ತು, ನಿಲ್ಲುವವರೆಗೂ ಓಡಿಸಿ ಸಮಯ ಬರೆದಿಡಿ.

ನಡುವೆ ಮಾಡಿ ನೋಡಿದ್ದು ಇನ್ನೂ ಇದೆ. ಜಂಬೋ ಬದಲು 10 ಲೀಟರ್ ಕಾನ್ಸಂಟ್ರೇಟರ್ ಇಟ್ಟು ನೋಡಿದೆವು: ವೆಂಟಿಲೇಟರ್‌ನ ಹೈ-ಪ್ರೆಶರ್ ಇನ್‌ಲೆಟ್‌ಗೆ ಬೇಕಾದ ಒತ್ತಡ ಅದರಿಂದ ಬರುವುದಿಲ್ಲ, ಇನ್ವರ್ಟರನ್ನೂ ಹಿಂಡುತ್ತದೆ. ಟ್ರಾಲಿ ಬೇಸ್ ಕೆಳಗೆ ರಬ್ಬರ್ ಬುಷ್ ಹಾಕಿದರೆ ಸಣ್ಣ ಕುಲುಕು ಹೋಗಿ ತೊಟ್ಟಿಲಿನಂತೆ ತೂಗಾಟ ಶುರುವಾಯಿತು. ಈಗಿರುವ ಏರ್ಪಾಡು ನಮ್ಮ ಫ್ಯಾಬ್ರಿಕೇಟರ್ ಜತೆ ಕೂತು ತಿದ್ದಿ ತಿದ್ದಿ ಬಂದದ್ದು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಟ್ಯೂಬ್ ಕಟ್ಟುವ ನಮ್ಮ ಗಂಟೂ ಅಷ್ಟೆ, ಗಾಡಿಗೆ ಬಂದವರಿಗೆ ತೋರಿಸುತ್ತೇವೆ.

ಆಗುಂಬೆ ಪೇಟೆಯಲ್ಲಿ ಐದು ನಿಮಿಷ ಗಾಡಿ ನಿಲ್ಲಿಸುತ್ತೇವೆ. ಸಕ್ಷನ್, ಮೂಗಿನ ನಳಿಕೆ ಖಾಲಿ, ಕಫ ತುಂಬಿದ ಫಿಲ್ಟರ್ ಬದಲು, ಮುಗಿಯಲಿರುವ ಸಿರಿಂಜ್ ಬದಲು, ಒಂದು ಸರಿಯಾದ ಬಿಪಿ. ಓಡುವ ಗಾಡಿಯಲ್ಲಿ ಪಟ್ಟಿ ಕಟ್ಟಿ ತೆಗೆದ ಬಿಪಿ ನಂಬುವಂಥದ್ದಲ್ಲ, ಆರ್ಟರಿ ಲೈನ್ (ಬಿಪಿ ನೇರ ತೋರಿಸಲು ರಕ್ತನಾಳದೊಳಗೆ ಇಟ್ಟ ನಳಿಕೆ) ಇಲ್ಲದಿದ್ದರೆ ನಿಲ್ಲಿಸಿಯೇ ನೋಡಬೇಕು. ಬೆರಳು ತಣ್ಣಗಾಗಿದ್ದರೆ ಸ್ಯಾಚುರೇಶನ್ ಕ್ಲಿಪ್ ಕಿವಿಗೆ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಪೀಪ್ ವಾಲ್ವ್ ಸಮೇತ ತಲೆದಿಂಬಿನ ಪಕ್ಕ. ತಿರುವುಗಳಲ್ಲಿ ಯಾರೂ ಬೆಲ್ಟ್ ಬಿಚ್ಚಿ ಏಳುವ ಹಾಗಿಲ್ಲ.

ಘಾಟಿ ಇಳಿದು ಸೋಮೇಶ್ವರದಲ್ಲಿ ಟ್ಯೂಬ್‌ನ ಕಫ್ (ಗಾಳಿ ಸೋರದಂತೆ ಟ್ಯೂಬ್ ಸುತ್ತ ಉಬ್ಬಿಸುವ ಬಲೂನ್) ಪ್ರೆಶರ್ ಮತ್ತೆ ನೋಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಐನೂರು ಮೀಟರಿಗೂ ಹೆಚ್ಚು ಕೆಳಗಿಳಿದಾಗ ಹೊರಗಿನ ಗಾಳಿಯ ಒತ್ತಡ ಏರಿ ಕಫ್ ಒಳಗಿನ ಗಾಳಿ ಕುಗ್ಗುತ್ತದೆ. ಮೇಲೆ 26 ಸೆಂ.ಮೀ. ನೀರಿನ ಒತ್ತಡ ಇದ್ದದ್ದು ಕೆಳಗೆ 20ರೊಳಗೆ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇವೆ. ಹೆಬ್ರಿ ಹತ್ತಿರ ಬರುವ ಲೀಕ್ ಅಲಾರಂಗೆ ಬಹಳ ಸಲ ಕಾರಣ ಇದೇ, ಮಷೀನ್ ಅಲ್ಲ. 20ರಿಂದ 30ರ ನಡುವೆ ತಂದರೆ ಸಾಕು. ಮೇಲೆ ಹತ್ತುವಾಗ ಇದಕ್ಕೆ ತದ್ವಿರುದ್ಧ, ಗಾಳಿ ತೆಗೆಯಬೇಕು.

ನೆನಪಿನ ಮೇಲೆ ಹೇಳುವುದಾದರೆ, ಮೊದಲು ನಾಲ್ಕರಲ್ಲಿ ಒಬ್ಬರು ಹೊರಟದ್ದಕ್ಕಿಂತ ಕೆಟ್ಟ ಸ್ಯಾಚುರೇಶನ್ ಅಥವಾ ಬಿಪಿಯಲ್ಲಿ ಮಣಿಪಾಲ ಮುಟ್ಟುತ್ತಿದ್ದರು. ಈಗ ಹಾಗಾಗುವುದು ಅಪರೂಪ. ಖರ್ಚು ಕೇಸಿಗೆ ಸಾವಿರದ ಐನೂರರಷ್ಟು ಹೆಚ್ಚಾಗಿದೆ: ಫಿಲ್ಟರ್, ಸರ್ಕ್ಯೂಟ್, ಸಿರಿಂಜ್, ಜತೆಗೆ ಆ ಹೊತ್ತಿಗೆ ಕೈಬಿಡುವ ಒಂದು ಲೋಕಲ್ ಟ್ರಿಪ್. ಅದನ್ನು ಬಾಡಿಗೆಯೊಳಗೆ ಬಚ್ಚಿಡದೆ ಬಿಲ್ಲಿನಲ್ಲಿ ‘ಬೆಡ್ ಪಕ್ಕದ ತಯಾರಿ’ ಎಂದು ಬೇರೆ ಸಾಲಾಗಿಯೇ ಬರೆಯುತ್ತೇವೆ. ಏನು ಮಾಡುತ್ತೇವೆಂದು ಮೊದಲೇ ಹೇಳಿಬಿಟ್ಟರೆ ಆ ಸಾಲಿಗೆ ಚೌಕಾಸಿ ಮಾಡುವವರು ಕಡಿಮೆ.